ಉಪ್ಪುಕೋಟೆಯ ಚರಂಡಿ

ನಮ್ಮಣ್ಣ ಇಲ್ಲಿಯವರೆಗೆ ಎರಡು ರಾಜ್ಯ, ಹನ್ನೊಂದು ಕೋಟೆ, ನಾಲ್ಕು ಬಂದರು, ಒಂದು ಬೆಂಕಿ ಬೆಟ್ಟ ಮತ್ತು ಎಣಿಸಲಾಗದಷ್ಟು ಕಕ್ಕಸುಗಳನ್ನು ಕಟ್ಟಿದ್ದಾನೆ. ಎಲ್ಲವೂ ಕಾಗದದ ಮೇಲೆ. ಇವುಗಳಲ್ಲಿ ಒಂದೂ ನಿಜವಾಗಿ ಇಲ್ಲ ಎಂದರೆ ಅವನಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಹಾಗಾಗಿ ವಾರಕ್ಕೊಂದು ಸಲವಾದರೂ ನಾನು ಅದನ್ನು ಹೇಳದೆ ಬಿಡುವುದಿಲ್ಲ.

ನಾನು ಅವನ ತಂಗಿ, ದರ್ಜಿ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಮನೆ, ಮೂರು ಕೋಣೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ ಮತ್ತು ಬಟ್ಟೆ ಕತ್ತರಿಸುವ ದೊಡ್ಡ ಮೇಜು. ನಾವಿಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿ, ಈಗ ಯಾವುದು ನಿಜ ಎನ್ನುವುದು ನಮಗೇ ಮರೆತುಹೋಗಿದೆ. ಅಣ್ಣ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಅರವತ್ತು ದಾಟಿದ ನನ್ನನ್ನು ಈಗಲೂ ಪುಟ್ಟಿ ಎಂದು ಕರೆಯುತ್ತಾನೆ, ಗಿರಾಕಿಗಳ ಎದುರಿಗೇ.

ಮೂವತ್ತೊಂದು ವರ್ಷ ಅವನು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆದ. ಯಾವ ಬೀದಿಯ ಕೆಳಗೆ ಯಾವ ಪೈಪು, ಎಲ್ಲಿ ವಾಲ್ವು, ಎಲ್ಲಿ ಚರಂಡಿ, ಯಾವ ಕಡೆಗೆ ಇಳಿಜಾರು, ಇದೇ ಅವನ ಪ್ರಪಂಚ. ಊರೆಲ್ಲ ಮೇಲೆ ನೋಡಿಕೊಂಡು ಓಡಾಡಿದರೆ ಇವನು ಕೆಳಗೆ ನೋಡಿಕೊಂಡು ಓಡಾಡುತ್ತಿದ್ದ. ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ಅವನ ಪೆನ್ನುಗಳು ಬೀರು ಸೇರಿದವು. ಕೊನೆಯ ನಾಲ್ಕು ವರ್ಷ ಹಳೆಯ ನಕ್ಷೆಗಳಿಗೆ ನಂಬರು ಅಂಟಿಸುವ ಕೆಲಸ. ನಿವೃತ್ತಿಯ ದಿನ ಒಂದು ಗಡಿಯಾರ, ಒಂದು ಶಾಲು ಮತ್ತು ಆ ಪೆನ್ನುಗಳ ತಗಡಿನ ಡಬ್ಬಿ ಹಿಡಿದುಕೊಂಡು ಬಂದು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತವನು, ಒಂದು ವರ್ಷ ಅಲ್ಲೇ ಕೂತಿದ್ದ. ಬೆಳಗ್ಗೆ ಮಾಡುತ್ತಿದ್ದ ಒಂದೇ ಕೆಲಸವೆಂದರೆ ನನಗೆ ಹತ್ತು ಸೂಜಿಗೆ ದಾರ ಪೋಣಿಸಿ, ಸೂಜಿ ದಿಂಬಿಗೆ ಸಾಲಾಗಿ ಚುಚ್ಚಿಡುವುದು. ನನ್ನ ಕಣ್ಣು ಆಗಲೇ ಸೂಜಿಗೆ ಸಾಲದಾಗಿತ್ತು, ಅವನದು ಹದ್ದಿನ ಕಣ್ಣು.

ಹೀಗಿರುವಾಗ ಒಂದು ದಿನ ಗಣಿತದ ಮೇಷ್ಟ್ರು ಬಂದರು, ದಾಳ ಇಟ್ಟುಕೊಳ್ಳಲು ಚೀಲ ಹೊಲಿಸಬೇಕೆಂದು. ದಾಳ ಎಂದರೆ ಸಾಮಾನ್ಯ ದಾಳವಲ್ಲ. ಎಂಟು ಮುಖದ್ದು, ಹನ್ನೆರಡು ಮುಖದ್ದು, ಒಂದಂತೂ ಇಪ್ಪತ್ತು ಮುಖದ್ದು. "ಇದೇನು ಮೇಷ್ಟ್ರೇ, ಮಕ್ಕಳಿಗೆ ಲೆಕ್ಕ ಕಲಿಸೋಕಾ?" ಎಂದೆ. ಅವರು ನಾಚಿಕೊಂಡು ಹೇಳಿದರು. ನಾಲ್ಕು ಜನ ಮೇಜಿನ ಸುತ್ತ ಕೂತು ಆಡುವ ಆಟವಂತೆ. ಒಬ್ಬರು ಕಥೆ ನಡೆಸುವವರು. ಉಳಿದವರಿಗೆ ಒಂದೊಂದು ಪಾತ್ರ. "ನೀವು ಕೋಟೆ ಬಾಗಿಲ ಹತ್ತಿರ ನಿಂತಿದ್ದೀರಿ, ಏನು ಮಾಡ್ತೀರಿ?" ಎಂದು ಇವರು ಕೇಳುವುದು. "ಗೋಡೆ ಹತ್ತುತ್ತೇನೆ" ಎಂದು ಅವರು ಹೇಳುವುದು. ಹತ್ತಿದರೋ ಬಿದ್ದರೋ ಎನ್ನುವುದನ್ನು ದಾಳ ಹೇಳುತ್ತದೆ. ಗೆಲ್ಲುವವರು ಯಾರು ಎಂದು ಕೇಳಿದೆ. ಯಾರೂ ಇಲ್ಲ ಎಂದರು. ಇದಕ್ಕಿಂತ ಒಳ್ಳೆಯ ಆಟ ಇರಲಾರದು ಎಂದು ನನಗೆ ಅಲ್ಲೇ ಅನ್ನಿಸಿತು.

ಮೇಷ್ಟ್ರು ತಾವೇ ಬರೆದ ನಕ್ಷೆಯೊಂದನ್ನು ಮೇಜಿನ ಮೇಲೆ ಬಿಡಿಸಿದರು. ಒಂದು ಬೆಟ್ಟ, ಒಂದು ಕಾಡು, ಮಧ್ಯೆ ಹಾವಿನಂತೆ ಒಂದು ನದಿ. ಕಿಟಕಿಯ ಪಕ್ಕದಲ್ಲಿ ಒಂದು ವರ್ಷದಿಂದ ಮೌನವಾಗಿದ್ದ ನಮ್ಮಣ್ಣ ಎದ್ದು ಬಂದು ನೋಡಿದ. ಅವನ ಮುಖ ಕೆಂಪಾಯಿತು.

"ಈ ನದಿ ಗುಡ್ಡ ಹತ್ತುತ್ತಾ ಇದೆ" ಎಂದ.

"ಇದು ಕಲ್ಪನೆಯ ಲೋಕ ಸಾರ್" ಎಂದರು ಮೇಷ್ಟ್ರು.

"ಇರಲಿ. ಕಲ್ಪನೆಯ ನೀರಾದರೂ ಕೆಳಗೇ ಹರೀಬೇಕಲ್ಲ? ಇಲ್ಲಿಂದ ಎಲ್ಲಿಗೆ ಹೋಗುತ್ತೆ ಇದು? ಇಷ್ಟು ಜನ ಇರೋ ಕೋಟೆಗೆ ಒಂದು ಬಾವಿ ಬೇಡ್ವಾ? ಅಡುಗೆಮನೆ ನೀರು ಎಲ್ಲಿಗೆ ಬಿಡ್ತಾರೆ?"

ಮೇಷ್ಟ್ರು ಉತ್ತರ ಹುಡುಕುತ್ತಿರುವಾಗಲೇ ಇವನು ತಗಡಿನ ಡಬ್ಬಿ ತೆಗೆದಾಗಿತ್ತು. ಆ ಸಂಜೆಯೊಳಗೆ ನದಿ ಕೆಳಗಿಳಿಯಿತು, ಕೋಟೆಗೆ ಎರಡು ಬಾವಿ ಬಂದವು. ಮರುದಿನ ಬೆಳಗ್ಗೆ ನನ್ನ ಹತ್ತು ಸೂಜಿ ಪೋಣಿಸುವಾಗ ಅಣ್ಣ ಶಿಳ್ಳೆ ಹಾಕುತ್ತಿದ್ದ. ಅವನು ಶಿಳ್ಳೆ ಹಾಕಬಲ್ಲ ಎನ್ನುವುದೇ ನನಗೆ ಮರೆತಿತ್ತು.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಆಟ ನಮ್ಮ ಮನೆಯಲ್ಲೇ. ಯಾಕೆಂದರೆ ಇಡೀ ಬೀದಿಯಲ್ಲಿ ಅಷ್ಟು ದೊಡ್ಡ ಮೇಜು ಇರುವುದು ನನ್ನದೊಂದೇ. ಆಡುವವರು ಮೂವರು. ಒಬ್ಬರು ನಿವೃತ್ತ ನರ್ಸಮ್ಮ. ಜೀವಮಾನವೆಲ್ಲ ಬೇರೆಯವರ ಗಾಯಕ್ಕೆ ಪಟ್ಟಿ ಕಟ್ಟಿದವರು, ಆಟದಲ್ಲಿ ಅವರು ದರೋಡೆಕೋರಿ, ಸಿಕ್ಕಿದವರಿಗೆಲ್ಲ ಗದೆಯಲ್ಲಿ ಹೊಡೆಯುವುದೇ ಕೆಲಸ. ಇನ್ನೊಬ್ಬ ಬಸ್ ಡ್ರೈವರ್. ದಿನಕ್ಕೆ ಎಂಟು ಸಲ ಅದೇ ರಸ್ತೆಯಲ್ಲಿ ಹೋಗಿ ಬರುವ ಆತ ಆಟದಲ್ಲಿ ಬೇಟೆಗಾರ, ದಾರಿ ಬಿಟ್ಟು ನಡೆಯುವುದೇ ಅವನಿಗೆ ಖುಷಿ. ಮೂರನೆಯವರು ಹಲ್ಲಿನ ಡಾಕ್ಟರು, ಹಾಡುಗಾರನ ಪಾತ್ರ. ಇವರ ಕೆಲಸದಲ್ಲಿ ಎದುರಿನವರ ಬಾಯಿ ತೆರೆದೇ ಇದ್ದರೂ ಮಾತಾಡುವವರು ಯಾರೂ ಇಲ್ಲ, ಹಾಗಾಗಿ ಭಾನುವಾರ ಅವರ ಬಾಯಿಗೆ ಬೀಗವೇ ಇರುತ್ತಿರಲಿಲ್ಲ.

ಅಣ್ಣ ಆಡುತ್ತಿರಲಿಲ್ಲ. ಸ್ಟೂಲಿನ ಮೇಲೆ ಪೇಪರ್ ಹಿಡಿದು ಕೂತು, ಓದುವವನ ಹಾಗೆ ನಟಿಸುತ್ತಿದ್ದ. ಮೈಯೆಲ್ಲ ಕಿವಿಯಾಗಿರುತ್ತಿತ್ತು. ಮೇಷ್ಟ್ರು ಮುಂದಿನ ವಾರದ ಕಥೆಗೆ ಏನು ಬೇಕೋ ಹೇಳಿ ಹೋಗುವರು, ಇವನು ಮೊದಲು ಪೆನ್ಸಿಲ್‌ನಲ್ಲಿ ತೆಳ್ಳಗೆ ಬರೆದು, ಮೂರು ದಿನ ಅದರ ಸುತ್ತ ತಿರುಗಾಡಿ, ಆಮೇಲೆ ಮಸಿ ಹಾಕುವನು. ಗೋಡೆ ಎಂದರೆ ದಪ್ಪ ಕಪ್ಪು ಗೀಟು. ಬಾಗಿಲು ಎಂದರೆ ಆ ಗೀಟಿನಲ್ಲಿ ಬಿಟ್ಟ ಒಂದು ಸಣ್ಣ ಜಾಗ. ಚರಂಡಿ ಎಂದರೆ ತುಂಡು ತುಂಡಾದ ನೀಲಿ ಗೀಟು, ತುದಿಯಲ್ಲಿ ಒಂದು ಪುಟ್ಟ ಬಾಣ, ಥೇಟ್ ಕಚೇರಿಯ ಹಾಗೆ.

ಚರಂಡಿ ಇಲ್ಲದ ಹಾಳೆಯೇ ಇಲ್ಲ. ಸತ್ತ ರಾಜನ ಗೋರಿಗೂ ಚರಂಡಿ.

"ಅಣ್ಣಾ, ರಾಕ್ಷಸನಿಗೂ ಕಕ್ಕಸು ಕಟ್ಟಿದ್ದೀರಲ್ಲ!" ಎಂದು ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಯಾಕಪ್ಪ, ರಾಕ್ಷಸ ಊಟ ಮಾಡಲ್ವಾ?"

"ಸಿಂಹಾಸನದ ಕೋಣೆಗೆ ಯಾಕೆ ಚರಂಡಿ?"

"ನೆಲ ತೊಳೆದ ನೀರು ಎಲ್ಲಿಗೆ ಹೋಗುತ್ತೆ?"

ಬೆನ್ನ ಹಿಂದೆ ಅವನಿಗೆ ಚರಂಡಿ ಅಣ್ಣ ಎಂದು ಹೆಸರಿಟ್ಟಿದ್ದರು. ಅದು ಅವನಿಗೆ ಗೊತ್ತಿತ್ತು. ಹೆಮ್ಮೆಯೂ ಇತ್ತು.

ಆ ಮೇಜಿನ ಮೇಲೆ ಒಂದು ಕಟ್ಟುಪಾಡು ಇತ್ತು, ಅದಕ್ಕೆ ಕಾರಣ ನಾನೇ. ಮೊದಲ ವರ್ಷ ಜೌಗು ಪ್ರದೇಶದ ನಕ್ಷೆಯ ಮೇಲೆ ನಾನು ಗಮನವಿಲ್ಲದೆ ಟೀ ಲೋಟ ಇಟ್ಟೆ. ದುಂಡಗೆ ಕಂದು ಕಲೆ ಬಿತ್ತು. ಅಣ್ಣ ನನ್ನನ್ನು ನುಂಗುವ ಹಾಗೆ ನೋಡಿದ. ಮೇಷ್ಟ್ರು ಮಾತ್ರ ನಿಧಾನವಾಗಿ, "ಅದು ಕೆರೆ. ನಿನ್ನೆವರೆಗೆ ಇರಲಿಲ್ಲ, ಇವತ್ತು ಇದೆ" ಎಂದರು. ಅದಕ್ಕೆ ಲೋಟದ ಕೆರೆ ಎಂದೇ ಹೆಸರಾಯಿತು. ಡ್ರೈವರ್ ಅದರಲ್ಲಿ ಒಮ್ಮೆ ಮುಳುಗಿಯೂ ಮುಳುಗಿದ. ಅಲ್ಲಿಂದ ಮುಂದೆ, ಹಾಳೆಯ ಮೇಲೆ ಬಿದ್ದದ್ದೆಲ್ಲ ನಿಜ, ಅಳಿಸುವ ಹಾಗಿಲ್ಲ. ಮಸಿ ಬಿದ್ದರೆ ಮುಗಿಯಿತು. ಒಂಬತ್ತು ವರ್ಷದಲ್ಲಿ ನೂರ ನಲವತ್ತು ಹಾಳೆ, ಒಂದನ್ನೂ ತಿದ್ದಲಿಲ್ಲ.

ನನಗೆ ಒಂದೇ ತಕರಾರು. "ಇಷ್ಟು ದೊಡ್ಡ ರಾಜ್ಯದಲ್ಲಿ ಒಂದು ದರ್ಜಿ ಅಂಗಡಿ ಇಲ್ಲವಲ್ಲೋ. ನಿನ್ನ ರಾಜರೆಲ್ಲ ಬತ್ತಲೆ ಓಡಾಡ್ತಾರಾ?" ಎಂದು ಕೇಳುತ್ತಿದ್ದೆ. "ಜಾಗ ಇಲ್ಲ ಪುಟ್ಟಿ" ಎನ್ನುವನು. ಕಕ್ಕಸಿಗೆ ಜಾಗವಿದೆ, ತಂಗಿಗೆ ಇಲ್ಲ. ಮನಸ್ಸಿನಲ್ಲಿ ಸ್ವಲ್ಪ ಬೇಜಾರೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ನನ್ನ ಸೂಜಿ ದಿಂಬಿನಲ್ಲಿ ಮೊದಲ ಸುಳಿವು ಸಿಕ್ಕಿತು. ಹತ್ತು ಸೂಜಿ ಎಂಟಾಯಿತು, ಎಂಟು ಐದಾಯಿತು. ಒಂದು ಬೆಳಗ್ಗೆ ನೋಡಿದರೆ ದಾರ ಸೂಜಿಯ ಕಣ್ಣಿನೊಳಗೆ ಹೋಗಿಯೇ ಇಲ್ಲ, ಪಕ್ಕದಲ್ಲಿ ಜೋತಾಡುತ್ತಿದೆ. ಕೇಳಿದರೆ, "ನಕ್ಷೆ ಕೆಲಸ ಜಾಸ್ತಿ ಇದೆ, ನಿನ್ನ ಸೂಜಿ ಪೋಣಿಸ್ಕೊಂಡು ಕೂತಿರಕ್ಕಾಗುತ್ತಾ?" ಎಂದು ನನ್ನ ಮೇಲೇ ರೇಗಿದ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದು ಕಣ್ಣಿನ ಡಾಕ್ಟರು ಹೇಳಿ ಆರು ತಿಂಗಳಾಗಿತ್ತಂತೆ. ಅವರು ಬರೆದುಕೊಟ್ಟ ಚೀಟಿ ನನಗೆ ಸಿಕ್ಕಿದ್ದು ಅವನ ಅಂಗಿ ಒಗೆಯುವಾಗ. ನಾನು ಕೂಗಾಡಿದೆ. ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಆಮೇಲೆ ಉಪ್ಪುಕೋಟೆ ಬಂತು. ಸಮುದ್ರದ ದಂಡೆಯ ಹಳೆಯ ಕೋಟೆ, ಕೆಳಗೆ ಉಪ್ಪಿನ ಉಗ್ರಾಣ. ಆ ಹಾಳೆ ಮುಗಿಸುವುದಕ್ಕೆ ಅಣ್ಣನಿಗೆ ಎರಡು ವಾರ ಹಿಡಿಯಿತು. ಆಟ ಶುರುವಾಗುವ ಹೊತ್ತಿಗೆ ಮಸಿ ಇನ್ನೂ ಒಣಗುತ್ತಿತ್ತು, ಮೇಷ್ಟ್ರಿಗೆ ಮೊದಲೇ ನೋಡಲು ಪುರಸೊತ್ತು ಸಿಗಲಿಲ್ಲ. ಮೂವರೂ ಕೋಟೆಯೊಳಗೆ ನುಗ್ಗಿದರು, ಕಾವಲುಗಾರರು ಅಟ್ಟಿಸಿಕೊಂಡು ಬಂದರು. ನರ್ಸಮ್ಮ ದಾಳ ಎಸೆದರು, ಇಪ್ಪತ್ತರಲ್ಲಿ ಬರೀ ಎರಡು ಬಿತ್ತು. ಮೂವರೂ ಜಾರುಬಂಡೆಯ ಮೇಲಿಂದ ಸರ್‍ರನೆ ಜಾರಿ ಉಗ್ರಾಣಕ್ಕೆ ಬಿದ್ದರು. ಮೇಲೆ ಹತ್ತುವ ಹಾಗಿಲ್ಲ, ಬಂಡೆ ನುಣುಪು.

"ಸರಿ, ಬಾಗಿಲು ಎಲ್ಲಿದೆ?" ಎಂದು ಡ್ರೈವರ್ ಹಾಳೆಯ ಮೇಲೆ ಬಗ್ಗಿದ.

ಬಾಗಿಲು ಇರಲಿಲ್ಲ. ನಾಲ್ಕು ಗೋಡೆ, ನಾಲ್ಕೂ ಕಡೆ ಒಂದೇ ದಪ್ಪ ಕಪ್ಪು ಗೀಟು. ಪೆನ್ಸಿಲ್‌ನಲ್ಲಿ ಬಾಗಿಲು ಇತ್ತು, ಇವತ್ತಿಗೂ ಅದರ ಗುರುತು ಕಾಣುತ್ತದೆ. ಮಸಿ ಹಾಕುವಾಗ ಅವನಿಗೆ ಆ ತೆಳ್ಳಗಿನ ಪೆನ್ಸಿಲ್ ಕಂಡಿಲ್ಲ, ಬಾಗಿಲಿನ ಮೇಲೆಯೇ ಗೋಡೆ ಎಳೆದುಬಿಟ್ಟಿದ್ದಾನೆ.

ಅಣ್ಣ ಪೇಪರ್ ಇಟ್ಟು ಬಂದ. ಹಾಳೆಯ ಮೇಲೆ ಬಗ್ಗಿದ, ಇನ್ನೂ ಬಗ್ಗಿದ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದ. ಆಗ ಎಲ್ಲರಿಗೂ ತಿಳಿಯಿತು.

"ಪರವಾಗಿಲ್ಲ ಸಾರ್, ಇಲ್ಲೊಂದು ಬಾಗಿಲು ಬಿಡಿಸಿಬಿಡಿ" ಎಂದರು ಮೇಷ್ಟ್ರು ಮೆಲ್ಲಗೆ.

"ಮಸಿ ಬಿದ್ದ ಮೇಲೆ ಮುಗೀತು. ಕಟ್ಟುಪಾಡು ನಿಮ್ಮದೇ ಅಲ್ವಾ? ಗೋಡೆ ಅಂದ್ರೆ ಗೋಡೆ." ಅವನು ಪೆನ್ನುಗಳನ್ನು ಒಂದೊಂದಾಗಿ ಒರೆಸಿ, ತಗಡಿನ ಡಬ್ಬಿಗೆ ಹಾಕಿ, ಮುಚ್ಚಿ, ನನ್ನ ಕೈಗೆ ಕೊಟ್ಟ. "ಇದರಲ್ಲಿ ಗುಂಡಿ ಹಾಕಿಟ್ಕೋ ಪುಟ್ಟಿ. ನನಗೆ ಇನ್ನು ಬೇಡ."

ಆ ವಾರ ಅವನು ಮತ್ತೆ ಸ್ಟೂಲಿನ ಮೇಲೆ ಕೂತ, ನಿವೃತ್ತಿಯಾದ ಮೊದಲ ವರ್ಷದ ಹಾಗೆ. ನನಗೆ ಹೆದರಿಕೆಯಾದದ್ದು ಅವನ ಕಣ್ಣಿಗಲ್ಲ, ಆ ಸ್ಟೂಲಿಗೆ. ಗುರುವಾರ ಬಟ್ಟೆ ಕತ್ತರಿಸುತ್ತಿದ್ದವಳು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ.

"ಪೊರೆ ತೆಗೆಸಿಕೊಳ್ಳೋಕೆ ನಿನಗೇನು ಧಾಡಿ? ಲೋಕದಲ್ಲಿ ನೀನೊಬ್ಬನೇನಾ?"

ಕಿಟಕಿಯ ಕಡೆ ತಿರುಗಿಕೊಂಡು ಹೇಳಿದ. "ನಮ್ಮ ಆಫೀಸಲ್ಲಿ ನನ್ನ ಪಕ್ಕದ ಮೇಜಿನವನು ಮಾಡಿಸ್ಕೊಂಡ. ಕೀವಾಗಿ ಒಂದು ಕಣ್ಣು ಪೂರ್ತಿ ಹೋಯ್ತು. ಈಗ ಮಂಜು ಮಂಜಾಗಿ ಆದ್ರೂ ಕಾಣುತ್ತೆ ಪುಟ್ಟಿ. ಅದೂ ಹೋದ್ರೆ ನಾನು ಏನು ಅಂತ ಇರಲಿ?"

ಟೀ ಮಾಡಿಕೊಟ್ಟೆ.

ಭಾನುವಾರ ಅವರು ಬಂದೇ ಬಂದರು. ಅಣ್ಣ ಮುಖ ತೋರಿಸಲಿಲ್ಲ, ಅಡುಗೆಮನೆ ಸೇರಿಕೊಂಡು ತೊಳೆದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದ. ನರ್ಸಮ್ಮ ಗದೆಯಿಂದ ಗೋಡೆಗೆ ಹೊಡೆದರು, ದಾಳ ಕೈಕೊಟ್ಟಿತು. ಹಲ್ಲಿನ ಡಾಕ್ಟರು ಹಾಡಿ ಕಾವಲುಗಾರನ ಮನಸ್ಸು ಕರಗಿಸಲು ನೋಡಿದರು, ಅವನು ಕಿವುಡನಂತೆ. ಡ್ರೈವರ್ ತಲೆಯ ಮೇಲೆ ಕೈ ಹೊತ್ತು ಕೂತ. "ಇಲ್ಲೇ ಉಪ್ಪಿನಕಾಯಿ ಆಗ್ತೀವಿ ನಾವು" ಎಂದ.

ನರ್ಸಮ್ಮ ಕನ್ನಡಕ ಏರಿಸಿ ಹಾಳೆಯ ಮೂಲೆ ನೋಡಿದರು. "ಈ ನೀಲಿ ಗೀಟು ಏನು?"

"ಅದಾ? ಚರಂಡಿ. ಯಾವಾಗಲೂ ಇರೋದೇ ಅಲ್ವಾ" ಎಂದ ಡ್ರೈವರ್. ಹೇಳಿ, ಬಾಯಿ ತೆರೆದವನು ಹಾಗೇ ಉಳಿದ.

ಒಂಬತ್ತು ವರ್ಷ ನಕ್ಕಿದ್ದ ಗೀಟು. ಉಗ್ರಾಣದ ಮೂಲೆಯಲ್ಲಿ ಹೊರಟು, ಗೋಡೆಯ ಕೆಳಗೆ ನುಸುಳಿ, ಆಚೆ ಹೋಗಿತ್ತು. ಪೆನ್ಸಿಲ್ ಕಾಣದ ದಿನವೂ ಅದನ್ನು ಅವನ ಕಣ್ಣಲ್ಲ, ಕೈ ಬರೆದಿತ್ತು.

"ಉಪ್ಪಿನ ಉಗ್ರಾಣಕ್ಕೆ ಯಾಕಪ್ಪಾ ಚರಂಡಿ?" ಎಂದು ನರ್ಸಮ್ಮ ಅಡುಗೆಮನೆಗೆ ಕೇಳುವ ಹಾಗೆ ಗಟ್ಟಿಯಾಗಿ ಕೇಳಿದರು.

ಲೋಟದ ಸದ್ದು ನಿಂತಿತು. "ಉಪ್ಪು ನೀರು ಬಿಡುತ್ತೆ. ಆ ನೀರು ಎಲ್ಲಿಗೆ ಹೋಗ್ಬೇಕು?" ಒಂದು ಕ್ಷಣ ಬಿಟ್ಟು, "ಎರಡಡಿ ಅಗಲ ಇದೆ. ಬಗ್ಗಿ ಹೋಗ್ಬೇಕು."

ಮೂವರೂ ಕಿರುಚಿಕೊಂಡು ಎದ್ದರು. ಕೆಳಗಿನ ಸೈಕಲ್ ಅಂಗಡಿಯವನು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದ. ಆಟದಲ್ಲಿ ಮೂವರೂ ಚರಂಡಿಯ ಜಾಲರಿ ಕಿತ್ತರು, ಒಳಗೆ ಇಳಿದರು. ಅಣ್ಣ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ.

"ಎಲ್ಲಿಗೆ ಹೋಗುತ್ತೆ ಸಾರ್ ಇದು?" ಎಂದರು ಮೇಷ್ಟ್ರು.

ನೀಲಿ ಗೀಟು ಹಾಳೆಯ ಅಂಚಿನವರೆಗೆ ಹೋಗಿತ್ತು. ಬಾಣ ಅಂಚಿನಾಚೆ ತೋರಿಸುತ್ತಿತ್ತು.

"ಮುಂದಿನ ಹಾಳೆಗೆ" ಎಂದ ಅಣ್ಣ.

"ಮುಂದಿನ ಹಾಳೆ ಎಲ್ಲಿದೆ?"

"ಬರೆದಿಲ್ಲ."

ಸಮುದ್ರಕ್ಕೆ ಸೇರುತ್ತದೆ ಎಂದು ಮೇಷ್ಟ್ರು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕಥೆ ನಡೆಸುವವರು ಅವರೇ. ಅವರು ಹೇಳಲಿಲ್ಲ, ಪುಸ್ತಕ ಮುಚ್ಚಿದರು. "ಹಾಗಾದ್ರೆ ಮುಂದಿನ ಹಾಳೆ ಬರೋ ತನಕ ನೀವು ಮೂವರೂ ಚರಂಡಿಯಲ್ಲೇ." ಅವರನ್ನು ಕಂಡರೆ ನನಗೆ ಗೌರವ ಬಂದದ್ದು ಅವತ್ತು.

"ಸೊಂಟದ ಮಟ್ಟ ನೀರಲ್ಲಿ ನಿಂತ್ಕೊಂಡಾ?" ಎಂದ ಡ್ರೈವರ್.

"ಮೊಣಕಾಲ ಮಟ್ಟ" ಎಂದ ಅಣ್ಣ. ತಪ್ಪು ಹೇಳಿದರೆ ಅವನಿಗೆ ತಡೆಯುವುದಿಲ್ಲ.

ನರ್ಸಮ್ಮ ಚೀಲ ಹೆಗಲಿಗೇರಿಸಿಕೊಂಡರು. "ಕಣ್ಣಿನ ವಾರ್ಡಲ್ಲಿ ಹನ್ನೆರಡು ವರ್ಷ ಇದ್ದವಳು ನಾನು. ನಿಮ್ಮ ಜೊತೆಗೆ ಬರ್ತೀನಿ, ಬಾಗಿಲ ಹತ್ತಿರವೇ ಕೂತಿರ್ತೀನಿ. ಏನೂ ಆಗಲ್ಲ ಅಂತ ನಾನು ಹೇಳಲ್ಲ. ನನ್ನ ಕಣ್ಣೆದುರು ಸಾವಿರಾರು ಜನ ನೋಡ್ಕೊಂಡು ಮನೆಗೆ ಹೋಗಿದ್ದಾರೆ, ಅಷ್ಟು ಹೇಳ್ತೀನಿ. ಬೇಗ ತೀರ್ಮಾನ ಮಾಡಿ, ನನಗೆ ಕಾಲು ಜೋಮು ಹಿಡೀತಿದೆ."

ಅಣ್ಣ ಸೋಮವಾರ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಯಾವಾಗ ಮಾಡೋಣ ಎಂದು ಕೇಳಿದರೆ, "ಬೇಗ ಮಾಡಿ ಡಾಕ್ಟ್ರೇ, ಮೂರು ಜನ ಚರಂಡೀಲಿ ನಿಂತಿದ್ದಾರೆ" ಎಂದ. ಡಾಕ್ಟರು ಗಾಬರಿಯಾಗಿ ನನ್ನ ಮುಖ ನೋಡಿದರು. "ಹೌದು, ನಿಂತಿದ್ದಾರೆ" ಎಂದೆ. ನರ್ಸಮ್ಮ ಪಕ್ಕದಿಂದ, "ಅದರಲ್ಲಿ ಒಬ್ಬಳು ನಾನೇ" ಎಂದರು.

ಆಪರೇಷನ್ ದಿನ ಒಳಗೆ ಹೋಗುವಾಗ ಅಣ್ಣ ನನ್ನ ಕೈ ಬಿಡಲಿಲ್ಲ. ಬಿಡಿಸಿಕೊಂಡದ್ದು ನಾನೇ. ಆಮೇಲೆ ಬಾಗಿಲ ಹತ್ತಿರದ ಬೆಂಚಿನ ಮೇಲೆ ನರ್ಸಮ್ಮನ ಪಕ್ಕ ಕೂತೆ. ಮರುದಿನ ಪಟ್ಟಿ ಬಿಚ್ಚಿ, ಏನು ಕಾಣುತ್ತೆ ಎಂದು ಡಾಕ್ಟರು ಕೇಳಿದರು. ಅವನು ಕಣ್ಣು ಪಿಳಿಪಿಳಿ ಮಾಡಿ ನನ್ನನ್ನೇ ನೋಡಿದ. "ಪುಟ್ಟಿ, ನಿನಗೆ ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತು?" ಎಂದ. ಆಸ್ಪತ್ರೆ ಎನ್ನುವುದನ್ನೂ ಮರೆತು ಬೈದೆ. ಬೈಯುತ್ತಲೇ ಅತ್ತೆ.

ಕನ್ನಡಕ ಬರುವವರೆಗೆ ಐದು ವಾರ. ಅಷ್ಟೂ ಭಾನುವಾರ ಆಟದವರು ತಪ್ಪದೆ ಬಂದರು. ಡ್ರೈವರ್ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡೇ ಕೂರುತ್ತಿದ್ದ, ನೀರಿನಲ್ಲಿ ನಿಂತವನಲ್ಲವೇ. ಬಿಸ್ಕತ್ತು ತಿಂದು, ಚರಂಡಿಯಲ್ಲಿ ಚಳಿ ಎಂದು ದೂರಿ, ಅಣ್ಣನ ಕಡೆ ಓರೆನೋಟ ಬೀರಿ ಹೋಗುವರು. ಐದನೆಯ ವಾರ ಕನ್ನಡಕ ಬಂತು. ನಾನು ತಗಡಿನ ಡಬ್ಬಿಯಿಂದ ಗುಂಡಿಗಳನ್ನೆಲ್ಲ ಸುರಿದು, ಒರೆಸಿ, ಸ್ಟೂಲಿನ ಮೇಲೆ ಇಟ್ಟೆ. ಪೆನ್ನುಗಳು ಬಟ್ಟೆಯಲ್ಲಿ ಸುತ್ತಿ ನನ್ನ ಬೀರುವಿನಲ್ಲೇ ಇದ್ದವು.

ಆರು ದಿನ ಬರೆದ. ನನ್ನನ್ನು ಹತ್ತಿರ ಬಿಡಲಿಲ್ಲ, ಟೀ ಲೋಟದ ನೆಪ ಹೇಳಿದ. ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಸೂಜಿ ದಿಂಬಿನಲ್ಲಿ ಹತ್ತು ಸೂಜಿ, ಹತ್ತಕ್ಕೂ ದಾರ.

ಭಾನುವಾರ ನೂರ ನಲವತ್ತೊಂದನೆಯ ಹಾಳೆಯನ್ನು ಉಪ್ಪುಕೋಟೆಯ ಹಾಳೆಗೆ ಅಂಚಿಗೆ ಅಂಚು ಸೇರಿಸಿ ಇಟ್ಟ. ನೀಲಿ ಗೀಟು ಕೂದಲೆಳೆಯಷ್ಟೂ ತಪ್ಪದೆ ಮುಂದುವರಿದಿತ್ತು. ಡ್ರೈವರ್ ಬೆರಳಿಟ್ಟು ಅದರ ಹಿಂದೆಯೇ ಹೋದ. ಕೋಟೆಯ ಕೆಳಗೆ, ಸಂತೆ ಬೀದಿಯ ಕೆಳಗೆ, ಒಂದು ತಿರುವು, ಇನ್ನೊಂದು ತಿರುವು. ಕೊನೆಗೆ ಬಾಣ ನಿಂತದ್ದು ಒಂದು ಸಣ್ಣ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ. ಮನೆಗೆ ಮೂರು ಕೋಣೆ. ಮುಂದಿನದರಲ್ಲಿ ಒಂದು ದೊಡ್ಡ ಮೇಜು. ಬಾಗಿಲುಗಳಿಗೆಲ್ಲ ಅಗಲವಾಗಿ ಜಾಗ ಬಿಟ್ಟಿದ್ದ.

ಪಕ್ಕದಲ್ಲಿ ಅವನ ಕಚೇರಿಯ ಅಕ್ಷರದಲ್ಲಿ ಬರೆದಿತ್ತು. ಮೇಷ್ಟ್ರು ಗಟ್ಟಿಯಾಗಿ ಓದಿದರು: "ದರ್ಜಿಯ ಮನೆ. ಚರಂಡಿಯಿಂದ ಬಂದವರಿಗೆ ಒಣ ಬಟ್ಟೆ, ಬಿಸಿ ಟೀ ಸಿಗುತ್ತದೆ. ಮೊದಲು ಬೈಯುತ್ತಾಳೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣ ಪೇಪರ್ ಹಿಡಿದು ಓದುವವನ ಹಾಗೆ ಕೂತಿದ್ದ. ಡ್ರೈವರ್ ಮಡಚಿದ ಪ್ಯಾಂಟನ್ನು ಕೆಳಗಿಳಿಸಿ ಕೇಳಿದ, "ಅಕ್ಕಾ, ನಾವು ನಿಮ್ಮ ಹಿತ್ತಿಲಲ್ಲಿ ನಿಂತಿದ್ದೀವಿ. ಏನು ಮಾಡ್ತೀರಿ?"

ಮಸಿ ಒಣಗಿತ್ತು. ಇನ್ನು ಅದನ್ನು ಅಳಿಸುವ ಹಾಗಿರಲಿಲ್ಲ.

"ಕಾಲು ತೊಳ್ಕೊಂಡು ಒಳಗೆ ಬನ್ನಿ" ಎಂದೆ. "ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ರಿ?"